ಲಂಟಾನ ಕುರ್ಚಿ: ಎಂಟು ತಿಂಗಳು ಕೂತ ಮೇಲೆ

ಕುರ್ಚಿಗೆ ಐದಕ್ಕೆ ನಾಲ್ಕು ಅಂಕ. ಅದನ್ನು ಮಾರಿದ ಅಂಗಡಿಗೆ ಎರಡು. ಕುರ್ಚಿಯ ಕೈಗೆ ನೇತುಹಾಕಿದ್ದ ಚೀಟಿಗೆ ಒಂದೂವರೆ. ಅವಸರದಲ್ಲಿರುವವರು ಇಷ್ಟು ಓದಿ ಹೋಗಬಹುದು. ಪುರುಸೊತ್ತಿರುವವರು ಕೂತುಕೊಳ್ಳಿ, ಹೇಳುವುದು ಸ್ವಲ್ಪ ಜಾಸ್ತಿಯೇ ಇದೆ.

ನಾನು ಅಂಚೆ ಕಚೇರಿಯ ಕೌಂಟರಿನ ಹಿಂದೆ ಮೂವತ್ತನಾಲ್ಕು ವರ್ಷ ಕೂತವಳು. ಬೇರೆ ಯಾವ ವಿಷಯದಲ್ಲಿ ಅಲ್ಲದಿದ್ದರೂ ಕುರ್ಚಿ ವಿಷಯದಲ್ಲಿ ನನ್ನ ಮಾತಿಗೆ ಒಂದಿಷ್ಟು ಬೆಲೆ ಕೊಡಬಹುದು. ಈಗ ನಿವೃತ್ತಿಯಾಗಿದೆ. ಮೈಸೂರಿನ ಸರಸ್ವತೀಪುರಂನಲ್ಲಿ ಮನೆ. ಮುಂದೆ ಒಂದು ವರಾಂಡ, ಅದರ ಮುಂದೆ ನಾಲ್ಕು ಹೆಜ್ಜೆಯಷ್ಟು ಅಂಗಳ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಬಂದು, ಕಾಫಿ ಲೋಟ ಹಿಡಿದು ವರಾಂಡದಲ್ಲಿ ಕೂರುವುದು ಅಭ್ಯಾಸ. ಇದ್ದ ಪ್ಲಾಸ್ಟಿಕ್ ಕುರ್ಚಿಯ ಕಾಲು ಒಂದು ದಿನ ಸೀಳಿಕೊಂಡು ನಮ್ಮ ಯಜಮಾನರು ನೆಲಕ್ಕೆ ಬಿದ್ದರು. ಪೆಟ್ಟಾಗಲಿಲ್ಲ, ಮರ್ಯಾದೆ ಹೋಯಿತು ಅಷ್ಟೇ. ಎದುರು ಮನೆಯವರು ನೋಡುತ್ತಿದ್ದರು.

ಕಳೆದ ಶ್ರಾವಣದಲ್ಲಿ ಕರಕುಶಲ ವಸ್ತು ಮಾರುವ ಒಂದು ಅಂಗಡಿಯಲ್ಲಿ ಈ ಕುರ್ಚಿಗಳನ್ನು ನೋಡಿದೆ. ಅಂಗಡಿ ಹೆಸರು ಬೇಡ, ಮುಂದೆ ಬೈಯುವುದಿದೆ. ದೂರದಿಂದ ಬೆತ್ತದ್ದು ಅನ್ನಿಸಿತು. ಹತ್ತಿರ ಹೋದರೆ ಬೆತ್ತದ ನುಣುಪು ಇಲ್ಲ. ಗೆಣ್ಣು ಗೆಣ್ಣು, ಅಲ್ಲಲ್ಲಿ ಡೊಂಕು, ಡಿಕಾಕ್ಷನ್ ಬಣ್ಣ. ಕೈ ಇಡುವ ಕಡೆ ಒಂದೇ ಕಡ್ಡಿಯನ್ನು ಮುಂಗಾಲಿನಿಂದ ಹಿಂಗಾಲಿನವರೆಗೆ ಬಿಲ್ಲಿನ ಹಾಗೆ ಬಗ್ಗಿಸಿದ್ದಾರೆ. ಚೀಟಿ ತಿರುಗಿಸಿ ಓದಿದೆ. ಲಂಟಾನ ಅಂತ ಬರೆದಿತ್ತು. ನನಗೆ ನಗು ಬಂತು. ನಮ್ಮೂರಿನಲ್ಲಿ ರೋಜದ ಪೊದೆ ಅಂತ ಬೈದುಕೊಂಡು ಕಡಿಯುವ ಅದೇ ಗಿಡ. ಅದಕ್ಕೆ ಈಗ 3,400 ರೂಪಾಯಿ!

ಆದರೂ ಕೂತು ನೋಡಿದೆ. ಎದ್ದೇಳಲು ಮನಸ್ಸಾಗಲಿಲ್ಲ. ಬೆನ್ನಿನ ಇಳಿಜಾರು ಸರಿಯಾಗಿದೆ. ಸೊಂಟಕ್ಕೆ ಎಲ್ಲಿ ಆಸರೆ ಬೇಕೋ ಅಲ್ಲಿಯೇ ಒಂದು ದಪ್ಪ ಕಡ್ಡಿ ಅಡ್ಡ ಹಾಯುತ್ತದೆ. ಒಂದೇ ಕೈಯಲ್ಲಿ ಎತ್ತಬಹುದು. ಎರಡು ಕುರ್ಚಿ, 1,800ರ ಒಂದು ಟೀಪಾಯಿ, ಒಟ್ಟು 8,600. ಚೌಕಾಸಿ ಮಾಡಿ 8,200ಕ್ಕೆ ಇಳಿಸಿದೆ. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಸಾಗಾಟಕ್ಕೆ ಬೇರೆ 300 ಅಂದರು.

ವಾರದೊಳಗೆ ಮನೆ ಬಾಗಿಲಿಗೆ ಅಂದವರು ತಂದದ್ದು ಹತ್ತೊಂಬತ್ತನೇ ದಿನ. ಫೋನ್ ಮಾಡಿದರೆ ಪ್ರತಿಸಲ ಬೇರೆ ಹುಡುಗ, ಪ್ರತಿಸಲ ‘ಗಾಡಿ ಹೊರಟಿದೆ ಮೇಡಂ’. ಬಂದ ಮೇಲೆ ನೋಡಿದರೆ ಒಂದು ಕುರ್ಚಿಯ ಒಂದು ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಹೇಳಿದ್ದಕ್ಕೆ, ‘ಕೈಯಲ್ಲಿ ಮಾಡಿದ್ದು ಮೇಡಂ, ಹಾಗೇ ಇರುತ್ತೆ’ ಅಂತ ಉತ್ತರ. ಕೈಯಲ್ಲಿ ಮಾಡಿದವರಿಗೆ ಕುಂಟು ಕುರ್ಚಿ ಮಾಡುವ ಆಸೆ ಇರುತ್ತದೆಯೇ? ಹಳೇ ಚಪ್ಪಲಿಯ ಅಟ್ಟೆಯಿಂದ ಒಂದು ತುಂಡು ಕತ್ತರಿಸಿ ಯಜಮಾನರು ಕಾಲಿನಡಿ ಇಟ್ಟಿದ್ದಾರೆ. ಅಂಗಡಿಗೆ ಅಂಕ ಕಡಿಮೆ ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಮಾಡಿದವರ ಕೆಲಸಕ್ಕೆ ಮಾತ್ರ ನಾನು ಪೂರ್ತಿ ಅಂಕ ಕೊಡುತ್ತೇನೆ. ಕೊಳ್ಳಲು ಹೋದ ದಿನ ಹನೂರು ಕಡೆಯ ಕಾಡಿನಿಂದ ಬಂದ ಒಬ್ಬ ಸೋಲಿಗರು ಅಲ್ಲಿಯೇ ಕೂತು ಒಂದು ಸ್ಟೂಲಿಗೆ ಮೊಳೆ ಹೊಡೆಯುತ್ತಿದ್ದರು. ವಯಸ್ಸು ಐವತ್ತರ ಮೇಲೆ. ಮಾತಾಡಿಸಿದೆ. ಕಡ್ಡಿಯನ್ನು ಡ್ರಮ್ಮಿನಲ್ಲಿ ಹಾಕಿ ಗಂಟೆಗಟ್ಟಲೆ ಬೇಯಿಸುತ್ತಾರಂತೆ. ಬೆಂದ ಮೇಲೆ ಸಿಪ್ಪೆ ಸುಲಿಯುವುದು ಸುಲಭ. ಬಿಸಿ ಇರುವಾಗಲೇ ಬೇಕಾದ ಹಾಗೆ ಬಗ್ಗಿಸಬೇಕು, ಆರಿದರೆ ಮಾತು ಕೇಳುವುದಿಲ್ಲ. ಗೆದ್ದಲು ಹತ್ತುವುದು ಕಡಿಮೆ. ‘ಎಳೇದು ಆಗಾಕಿಲ್ಲ ಕಣಮ್ಮ, ಒಣಗಿದ್ರೆ ಸುಕ್ಕಾಯ್ತದೆ. ಹೆಬ್ಬೆರಳು ಗಾತ್ರ ಇರಬೇಕು, ನೆಟ್ಟಗಿರಬೇಕು’ ಅಂದರು.

‘ಬುಡ ಕಿತ್ತು ಹಾಕ್ತೀರಾ?’ ಅಂತ ಕೇಳಿದೆ.

ಅವರು ಸುತ್ತಿಗೆ ನಿಲ್ಲಿಸಿ ನನ್ನ ಮುಖ ನೋಡಿದರು. ‘ಬುಡ ಯಾಕಮ್ಮ ಕೀಳಾದು? ಬುಡ ಇದ್ರೆ ತಾನೇ ಮತ್ತೆ ಚಿಗುರಾದು? ಮುಂದ್ಲ ಸಲಕ್ಕೆ ಕಡ್ಡಿ ಬೇಡ್ವಾ?’

ಪಕ್ಕದಲ್ಲಿಯೇ ಕುರ್ಚಿಯ ಚೀಟಿ ಗಾಳಿಗೆ ತಿರುಗುತ್ತಿತ್ತು. ‘ಈ ಕುರ್ಚಿಯನ್ನು ಕೊಳ್ಳುವ ಮೂಲಕ ನೀವು ಕಾಡನ್ನೂ ಹಕ್ಕಿಗಳನ್ನೂ ಉಳಿಸಿದ್ದೀರಿ’ ಅಂತ ಅದರಲ್ಲಿ ಬರೆದಿತ್ತು.

ಇಲ್ಲಿಂದ ಮುಂದೆ ನನ್ನ ತಕರಾರು ಆ ಚೀಟಿಯ ಜೊತೆ. ಸುತ್ತಿಗೆ ಹಿಡಿದ ಆ ಮನುಷ್ಯರ ಜೊತೆ ಅಲ್ಲ. ಅವರು ಹೇಳಿದ್ದು ನಿಜ, ಮುಚ್ಚುಮರೆ ಇಲ್ಲದ ನಿಜ. ಕಡಿದಷ್ಟೂ ಲಂಟಾನ ಬುಡದಿಂದ ನಾಲ್ಕು ಕಡ್ಡಿಯಾಗಿ ಏಳುತ್ತದೆ. ಕುರ್ಚಿಗೆ ಬೇಕಾದ ಗಾತ್ರದ ಕಡ್ಡಿ ತೆಗೆದರೆ ಪೊದೆಗೆ ಹಜಾಮತಿ ಆಗುತ್ತದೆ, ಅಷ್ಟೇ. ಆ ಕಡ್ಡಿಯಿಂದ ಕಾಡಂಚಿನ ಮನೆಗಳಲ್ಲಿ ಒಲೆ ಉರಿಯುತ್ತದೆ. ಬಿದಿರಿನ ಮೇಲೆ, ಬೆತ್ತದ ಮೇಲೆ ಕೈ ಹಾಕುವುದು ತಪ್ಪುತ್ತದೆ. ಕುರ್ಚಿ ಕೊಳ್ಳಲು ಈ ಕಾರಣ ಸಾಕು. ಹಕ್ಕಿ ಉಳಿಸಿದೆ ಅಂತ ಹೇಳಿಕೊಳ್ಳುವಷ್ಟು ದೊಡ್ಡ ಕೆಲಸ ನಾನೇನೂ ಮಾಡಿಲ್ಲ.

ನಮ್ಮ ತವರು ಸರಗೂರು ಕಡೆ, ಬಂಡೀಪುರ ಕಾಡಿನ ಅಂಚು. ಬಂಡೀಪುರ ಹುಲಿ ಯೋಜನೆಗೆ ಸೇರಿದ್ದು 1973ರಲ್ಲಿ, ಆಗ ನನಗೆ ಒಂಬತ್ತು ವರ್ಷ. ಆಗ ನಮ್ಮಪ್ಪ ದನ ಹೊಡೆದುಕೊಂಡು ಕಾಡಂಚಿಗೆ ಹೋದರೆ ನಾನೂ ಹಿಂದೆ ಓಡುತ್ತಿದ್ದೆ. ಮತ್ತಿ, ದಿಂಡಿಗ, ಹೊನ್ನೆ, ಕಕ್ಕೆ, ನೆಲ್ಲಿ ಮರಗಳು ದೂರ ದೂರ. ನಡುವೆ ಮೊಣಕಾಲುದ್ದ ಹುಲ್ಲು. ಅಪ್ಪ ಅಲ್ಲೆಲ್ಲೋ ಕೂಗಿದರೆ ಅವರ ಪೇಟ ಕಾಣುತ್ತಿತ್ತು. ಹುಲ್ಲಿನೊಳಗಿಂದ ಬುರ್ಲಿ ಹಕ್ಕಿ ಕಾಲಬುಡದಲ್ಲಿಯೇ ಬುರ್ರಂತ ಎದ್ದು ಎದೆ ಒಡೆಸುತ್ತಿತ್ತು.

ಈಗ ಅದೇ ಜಾಗದಲ್ಲಿ ನಿಂತರೆ ಮೂರು ಮಾರು ಆಚೆ ಏನಿದೆ ಅಂತ ಗೊತ್ತಾಗುವುದಿಲ್ಲ. ಲಂಟಾನದ ಗೋಡೆ. ಮಧ್ಯ ಅಮೆರಿಕ, ದಕ್ಷಿಣ ಅಮೆರಿಕ ಕಡೆಯ ಗಿಡ ಇದು. ಹೂವಿನ ಅಂದಕ್ಕೆ ಅಂತ ಬ್ರಿಟಿಷರು 1807ರ ಸುಮಾರಿಗೆ ಕಲ್ಕತ್ತದ ಸಸ್ಯೋದ್ಯಾನಕ್ಕೆ ತಂದರು. ಅಲ್ಲಿಂದ ಬೇಲಿ ಹಾರಿತು. ದೇಶದಲ್ಲಿ ಹುಲಿ ಇರುವ ಕಾಡುಗಳ ಪೈಕಿ ನೂರಕ್ಕೆ 40ಕ್ಕೂ ಹೆಚ್ಚು ಭಾಗದಲ್ಲಿ ಇದು ಹಬ್ಬಿದೆ ಅಂತ 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳಿತು. ತಡೆಯಲು ಪ್ರಯತ್ನ ಮಾಡಲಿಲ್ಲ ಅಂತಲ್ಲ. ಇದರ ಎಲೆ ಹೀರಲಿ ಅಂತ 1941ರಲ್ಲಿಯೇ ಒಂದು ಜಾತಿಯ ಪುಟ್ಟ ತಿಗಣೆಯನ್ನು ತರಿಸಿ ಬಿಟ್ಟರು. ಹುಳ ಎಲೆ ಹೀರಿತು, ಗಿಡ ಮತ್ತೆ ಚಿಗುರಿತು.

ಹರಡುವ ಕೆಲಸ ಮಾತ್ರ ನಮ್ಮ ಹಕ್ಕಿಗಳದ್ದೇ. ಪಿಕಳಾರಗಳಿಗೆ ಲಂಟಾನದ ಕಪ್ಪು ಹಣ್ಣು ಅಂದರೆ ಪ್ರಾಣ. ತಿಂದು ಹೋಗಿ ಮರದ ಕೊಂಬೆ ಮೇಲೆ ಕೂತು ಹಿಕ್ಕೆ ಹಾಕುತ್ತವೆ. ಮರದ ಬುಡದಲ್ಲಿ ಹೊಸ ಗಿಡ. ಅದಕ್ಕೇ ಬಯಲಿನ ನಡುವೆ ಒಂಟಿ ಮರ ಇದ್ದರೆ ನೋಡಿ, ಅದರ ಕೆಳಗೇ ಮೊದಲು ಲಂಟಾನ ಹುಟ್ಟಿರುತ್ತದೆ.

ಹಾಗಾದರೆ ಹಕ್ಕಿಗಳಿಗೆ ಒಳ್ಳೆಯದೇ ಆಯಿತಲ್ವಾ ಅಂತ ಮಗಳು ಕೇಳಿದಳು. ಕೆಲವಕ್ಕೆ ಆಯಿತು. ಪಿಕಳಾರಕ್ಕೆ ಊಟ, ಹರಟೆಮಲ್ಲನಿಗೆ ಅಡಗುತಾಣ, ಕಾಡುಕೋಳಿಗೆ ಮರೆ. ನಷ್ಟ ಆದವರ ಪಟ್ಟಿ ಬೇರೆ. ಮಲೆಮಹದೇಶ್ವರ ಬೆಟ್ಟದ ಕಾಡಿನಲ್ಲಿ, ಅಂದರೆ ನಮ್ಮ ಕುರ್ಚಿಯ ತವರಿನ ಕಡೆಯಲ್ಲಿಯೇ, ಹಕ್ಕಿ ಎಣಿಸಿ ಮಾಡಿದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಗಿದೆ. ಲಂಟಾನ ತೀರಾ ದಟ್ಟವಾದ ಕಡೆ ಹಕ್ಕಿಗಳ ವೈವಿಧ್ಯ ಕಡಿಮೆ. ಅದರಲ್ಲೂ ಹೊಡೆತ ಬಿದ್ದದ್ದು ಮರದ ತುದಿಯಲ್ಲಿ ಹುಳ ಹೆಕ್ಕಿ ತಿನ್ನುವ ಹಕ್ಕಿಗಳಿಗೆ. ಪೊದೆಯಲ್ಲಿ ಓಡಾಡುವ ಹಕ್ಕಿಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಮೊದಲು ಇದು ನನಗೆ ಅರ್ಥವಾಗಲಿಲ್ಲ. ಪೊದೆ ಬೆಳೆಯುವುದು ಕೆಳಗೆ, ಹಕ್ಕಿ ಕೂರುವುದು ಮೇಲೆ. ಕೆಳಗಿನವನು ಗಲಾಟೆ ಮಾಡಿದರೆ ಮೂರನೇ ಮಹಡಿಯವನು ಯಾಕೆ ಮನೆ ಖಾಲಿ ಮಾಡಬೇಕು?

ಉತ್ತರ ಸಂಕ್ರಾಂತಿಗೆ ಊರಿಗೆ ಹೋದಾಗ ಸಿಕ್ಕಿತು. ತಮ್ಮನ ಜೊತೆ ಹೊಲದ ಹಿಂದಿನ ಬೇಲಿಯವರೆಗೆ ಹೋಗಿದ್ದೆ. ಪೊದೆಯ ಕೆಳಗೆ ಬಗ್ಗಿ ಕೈ ಹಾಕಿ ನೋಡು ಅಂದ. ನೋಡಿದೆ. ಕತ್ತಲು. ತೇವ ಇಲ್ಲದ ತರಗು. ಒಂದು ಎಳೆ ಹುಲ್ಲಿಲ್ಲ, ಒಂದು ಮರದ ಸಸಿ ಇಲ್ಲ. ತಲೆ ಎತ್ತಿದರೆ ಮೇಲೆ ದೊಡ್ಡ ಮತ್ತಿ ಮರ, ನಮ್ಮಪ್ಪನ ಕಾಲದ್ದು. ‘ಇದ್ರ ಮಗು ಎಲ್ಲೈತೆ ತೋರ್ಸಕ್ಕ’ ಅಂದ ತಮ್ಮ. ಸುತ್ತ ಹುಡುಕಿದೆವು, ಒಂದೂ ಸಿಗಲಿಲ್ಲ. ಅಜ್ಜಂದಿರಿದ್ದಾರೆ, ಮೊಮ್ಮಕ್ಕಳಿಲ್ಲ. ಆ ಮತ್ತಿ ಬಿದ್ದ ದಿನ ಅದರ ಜಾಗಕ್ಕೆ ಬರಲು ಯಾರೂ ಇಲ್ಲ. ತುದಿಯಲ್ಲಿ ಹುಳ ಹೆಕ್ಕುವ ಚಿತ್ರಪಕ್ಷಿಗೆ ಒಂದೊಂದೇ ಮರ ಕಡಿಮೆಯಾಗುತ್ತಾ ಹೋಗುತ್ತದೆ. ಬೇಸಿಗೆಯಲ್ಲಿ ಬೆಂಕಿ ಬಿದ್ದರಂತೂ ಒಣಗಿದ ಲಂಟಾನವೇ ಏಣಿ. ನೆಲದ ಬೆಂಕಿ ಅದನ್ನು ಹತ್ತಿ ಕೊಂಬೆಗೆ ಹೋಗುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದಾಗ ನಮ್ಮೂರಿನ ಅಂಗಳದಲ್ಲಿ ಬೂದಿ ಬೀಳುತ್ತಿತ್ತು ಅಂತ ತಮ್ಮ ಈಗಲೂ ಹೇಳುತ್ತಾನೆ.

ಕುರ್ಚಿ ವಿಷಯಕ್ಕೆ ಬರುತ್ತೇನೆ. ಮಳೆಗಾಲದಲ್ಲಿ ಏನಾಯಿತು ಅಂತ ಹೇಳಬೇಕಲ್ಲ. ವರಾಂಡಕ್ಕೆ ಎರಚಲು ಬಡಿಯುತ್ತದೆ. ಹಿಂಗಾಲುಗಳ ಬಳಿ ವಾರ್ನಿಷ್ ಬಿಳಿಚಿಕೊಂಡಿತು, ಆದರೆ ಕಡ್ಡಿ ಉಬ್ಬಲಿಲ್ಲ, ಬೂಷ್ಟು ಹಿಡಿಯಲಿಲ್ಲ. ಹೊಸದರಲ್ಲಿ ವಾರ್ನಿಷ್ ವಾಸನೆ ಹದಿನೈದು ದಿನ ಇತ್ತು, ತಲೆನೋವು ಇರುವವರು ಹೊರಗೇ ಇಟ್ಟುಕೊಳ್ಳಿ. ಚಳಿಗಾಲದ ಒಣಹವೆಗೆ ಕೀಲುಗಳು ಸ್ವಲ್ಪ ಸಡಿಲವಾಗಿ, ಎದ್ದಾಗ ಕೂತಾಗ ಕಿರ್ ಅನ್ನುತ್ತವೆ. ನಮ್ಮ ಯಜಮಾನರ ಮಂಡಿಯೂ ಹಾಗೇ ಅನ್ನುವುದರಿಂದ ಯಾವುದು ಯಾವುದರ ಸದ್ದು ಅಂತ ಈಗ ನಮಗೆ ಗೊತ್ತಾಗುವುದಿಲ್ಲ. ಕೂರುವ ಜಾಗದಲ್ಲಿ ಸಣ್ಣ ಕಡ್ಡಿಗಳನ್ನು ಸಾಲಾಗಿ ಜೋಡಿಸಿದ್ದಾರೆ. ದಿಂಬಿಲ್ಲದೆ ಅರ್ಧ ಗಂಟೆ ಕೂತರೆ ತೊಡೆಯ ಮೇಲೆ ಗೆರೆ ಮೂಡುತ್ತದೆ. ಹಳೇ ಕೌದಿ ಮಡಿಸಿ ಹಾಕಿದ್ದೇನೆ, ಅಂಗಡಿಯವರು 650ಕ್ಕೆ ಮಾರುವ ದಿಂಬು ಬೇಕಿಲ್ಲ.

ಎಡಗೈ ಬಳಿಯ ಒಂದು ಮೊಳೆ ಫೆಬ್ರವರಿಯಲ್ಲಿ ಬಿದ್ದುಹೋಯಿತು. ಫೋನ್ ಮಾಡಿದೆ, ‘ಹುಡುಗನ್ನ ಕಳಿಸ್ತೀವಿ ಮೇಡಂ’ ಅಂದರು. ಹುಡುಗ ಬರುವ ಮುಂಚೆ ಬೇರೆಯವರು ಬಂದರು. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದೆ. ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ಒಂದು ಕಪ್ಪು ಕಣಜ ಆ ತೂತಿನ ಬಾಯಲ್ಲಿ ತಲೆ ಹಾಕಿ ಅಳತೆ ನೋಡುತ್ತಿತ್ತು. ಒಳಗೆ ಹೋಯಿತು, ಹಿಂದುಹಿಂದಕ್ಕೆ ಹೊರಗೆ ಬಂತು, ಹಾರಿತು. ಮತ್ತೆ ಬಂದಾಗ ಕಾಲುಗಳ ನಡುವೆ ಏನೋ ಹಸಿರು ಹುಳ. ಮೂರು ದಿನ ಹೀಗೇ. ನಾನು ಎಡಗೈ ಇಡುವುದನ್ನೇ ಬಿಟ್ಟೆ. ನಾಲ್ಕನೇ ದಿನ ನೋಡಿದರೆ ತೂತಿಗೆ ಮಣ್ಣಿನ ಮುಚ್ಚಳ. ಎಷ್ಟು ನುಣ್ಣಗೆ ಅಂದರೆ ನಮ್ಮ ಗಾರೆ ಕೆಲಸದವರು ನೋಡಿ ಕಲಿಯಬೇಕು. ಒಳಗೆ ಮೊಟ್ಟೆ, ಜೊತೆಗೆ ಮರಿಗೆ ಬುತ್ತಿ.

ಇದನ್ನು ಇಲ್ಲಿ ಯಾಕೆ ಹೇಳಿದೆ ಅಂದರೆ, ಪರಾಗ ಸಾಗಿಸುವವರು ಅಂದ ಕೂಡಲೇ ನಾವು ಜೇನಿನ ಹೆಸರು ಮಾತ್ರ ಹೇಳುತ್ತೇವೆ. ಹೆಜ್ಜೇನು, ತುಡುವೆ, ಕೋಲುಜೇನು ಇವೆಲ್ಲ ಸಂಸಾರ ಕಟ್ಟುವ ಜಾತಿ. ಒಂಟಿಯಾಗಿ ಬದುಕುವ ದುಂಬಿ, ಕಣಜ, ಪುಟ್ಟ ಜೇನುಗಳು ಎಷ್ಟೋ ಇವೆ. ಅವಕ್ಕೆ ಗೂಡಿಗೆ ಒಣಮರದ ತೂತು ಬೇಕು, ಬಿದಿರಿನ ಬೊಂಬು ಬೇಕು, ಇಲ್ಲವೇ ಬಿಸಿಲು ಬೀಳುವ ಬರಿನೆಲ ಬೇಕು. ನಮ್ಮ ಹೀರೆಬಳ್ಳಿ ಚಪ್ಪರದ ಬಿದಿರನ್ನು ಕೊರೆದು ಒಂದು ದಪ್ಪ ಕರಿದುಂಬಿ ಮನೆ ಮಾಡಿದೆ. ಕೆಳಗೆ ಹಳದಿ ಪುಡಿ ಉದುರಿರುತ್ತದೆ, ದಿನಾ ಗುಡಿಸುತ್ತೇನೆ. ಲಂಟಾನ ಮುಚ್ಚಿದ ನೆಲದಲ್ಲಿ ಬಿಸಿಲೇ ಬೀಳುವುದಿಲ್ಲ. ನೆಲ ಕೊರೆಯುವ ಜೇನು ಅಲ್ಲಿ ಏನು ಮಾಡೀತು?

ಲಂಟಾನ ಮೋಸ ಮಾಡುವುದು ಹೂವಿನಲ್ಲಿ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರು ನಂದಿ ಹತ್ತಿರ ಸುಸ್ತಾಗಿ ನಿಲ್ಲುತ್ತೀರಲ್ಲ, ಆಗ ಪಕ್ಕದ ಪೊದೆ ನೋಡಿ. ಒಂದು ಗೊಂಚಲಿನಲ್ಲಿ ನಡುವಿನ ಹೂ ಹಳದಿ, ಸುತ್ತಲಿನವು ಗುಲಾಬಿ. ಅರಳಿದಾಗ ಹಳದಿ, ಮಕರಂದ ಇರುವುದು ಆಗ. ವಯಸ್ಸಾದ ಮೇಲೆ ಗುಲಾಬಿ. ಚಿಟ್ಟೆ ಬಂದು ಕೂತು ಹಳದಿಗೆ ಮಾತ್ರ ಕೊಳವೆ ಇಳಿಸುತ್ತದೆ, ಗುಲಾಬಿಯ ಕಡೆ ತಿರುಗಿಯೂ ನೋಡುವುದಿಲ್ಲ. ಖಾಲಿ ಡಬ್ಬಿ ಅಂತ ಅದಕ್ಕೆ ಗೊತ್ತು. ಬಿಸಿಲು ಏರಿದಾಗ ಒಂದೊಂದು ಪೊದೆಯ ಮೇಲೆ ಹತ್ತಿಪ್ಪತ್ತು ಚಿಟ್ಟೆ. ಆಹಾ, ಎಷ್ಟು ಜೀವ ತುಂಬಿದೆ ಅಂತ ಫೋಟೋ ತೆಗೆಯುತ್ತೇವೆ. ನಾನೂ ತೆಗೆದಿದ್ದೇನೆ.

ಆದರೆ ಚಿಟ್ಟೆ ಹುಟ್ಟುವುದು ಹೂವಿನಲ್ಲಲ್ಲ, ಎಲೆಯಲ್ಲಿ. ನಮ್ಮ ಕರಿಬೇವಿನ ಮೇಲೆ ಹಕ್ಕಿ ಹಿಕ್ಕೆಯ ಹಾಗೇ ಕಾಣುವ ಮರಿಹುಳಗಳು ಬರುತ್ತವೆ. ಒಗ್ಗರಣೆಗೆ ಎಲೆ ಕೀಳಲು ಹೋಗಿ ಮೊದಲ ಸಲ ಮುಟ್ಟಿ ಕಿರುಚಿದ್ದೆ. ಅವೇ ಮುಂದೆ ದೊಡ್ಡ ಕಪ್ಪು ಚಿಟ್ಟೆ. ಕರಿಬೇವು, ನಿಂಬೆ ಜಾತಿ ಬಿಟ್ಟರೆ ಬೇರೆ ಎಲೆ ಅವಕ್ಕೆ ಆಗುವುದಿಲ್ಲ. ಹೀಗೇ ಒಂದೊಂದು ಚಿಟ್ಟೆಗೆ ಒಂದೊಂದು ಮನೆತನದ ಎಲೆ. ಲಂಟಾನದ ಎಲೆ ತಿನ್ನುವ ನಮ್ಮ ಕಡೆಯ ಮರಿಹುಳ ಹುಡುಕಿದರೂ ಸಿಗುವುದು ಕಷ್ಟ. ದನವೂ ಮುಟ್ಟುವುದಿಲ್ಲ, ಹಸಿದು ತಿಂದರೆ ಈಲಿ ಕೆಡುತ್ತದೆ. ಅಂದರೆ ಲಂಟಾನದ ಕಾಡು ಹೋಟೆಲ್ ಇದ್ದ ಹಾಗೆ. ಊಟ ಸಿಗುತ್ತದೆ, ಬಾಣಂತನಕ್ಕೆ ಜಾಗ ಇಲ್ಲ. ಹುಳ ಇಲ್ಲದಿದ್ದರೆ ಹುಳ ತಿನ್ನುವ ಹಕ್ಕಿಗೂ ಅಲ್ಲಿ ಕೆಲಸವಿಲ್ಲ. ಹಣ್ಣು ತಿಂದು ಬದುಕುವ ಪಿಕಳಾರ ಕೂಡ ಮರಿಗೆ ಹುಳ ತಂದು ತಿನ್ನಿಸುತ್ತದೆ.

ಒಂದು ತಮಾಷೆ. ಕುರ್ಚಿ ಕೊಂಡ ಅಂಗಡಿಯಿಂದ ಸ್ವಲ್ಪ ದೂರದಲ್ಲಿಯೇ ಒಂದು ನರ್ಸರಿ. ಅಲ್ಲಿ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಗಿಡ್ಡ ಲಂಟಾನ, ಹಳದಿ, ಬಿಳಿ, ನೇರಳೆ, ಒಂದಕ್ಕೆ 60 ರೂಪಾಯಿ. ‘ಚಿಟ್ಟೆ ಬರುತ್ತೆ ಮೇಡಂ’ ಅಂದ ಹುಡುಗ. ಸುಳ್ಳಲ್ಲ!

ತಮ್ಮನ ಹೊಲಕ್ಕೆ ಮತ್ತೆ ಹೋಗೋಣ. ಅವನು ಮೊದಲು ರಾಗಿಯ ಅಂಚಿಗೆ ಹುಚ್ಚೆಳ್ಳು ಹಾಕುತ್ತಿದ್ದ. ಹುಚ್ಚೆಳ್ಳಿನ ಹೂವಿಗೆ ತನ್ನ ಪರಾಗ ತನಗೇ ಒಗ್ಗುವುದಿಲ್ಲ, ಬೇರೆ ಗಿಡದ್ದೇ ಬೇಕು, ತರಲು ಜೇನೇ ಬೇಕು. ಅಪ್ಪನ ಕಾಲದಲ್ಲಿ ಹೂವಿನ ಸಮಯಕ್ಕೆ ಅಂಚಿನ ಉದ್ದಕ್ಕೂ ಗುಂಯ್ ಅಂತ ಸದ್ದು. ಕಾಡಿನೊಳಗಿನ ದೊಡ್ಡ ಮರಗಳಲ್ಲಿ ಹೆಜ್ಜೇನು ತಟ್ಟೆ ಕಟ್ಟುತ್ತಿತ್ತು, ಜೇನುಕುರುಬರು ಇಳಿಸಿ ತರುತ್ತಿದ್ದರು. ಈಚೆಗೆ ಹುಚ್ಚೆಳ್ಳು ಕಾಳು ಕಟ್ಟುವುದೇ ಕಡಿಮೆ ಅಂತ ತಮ್ಮ ಬಿಟ್ಟುಬಿಟ್ಟಿದ್ದಾನೆ. ಇದಕ್ಕೆ ಲಂಟಾನವೊಂದೇ ಕಾರಣ ಅಂತ ನಾನು ಒಪ್ಪುವುದಿಲ್ಲ. ಸುತ್ತ ಶುಂಠಿ ಹೊಲಗಳು ಬಂದಿವೆ, ವಾರಕ್ಕೊಂದು ಔಷಧಿ ಹೊಡೆಯುತ್ತಾರೆ. ತಮ್ಮನೂ ಹತ್ತಿಗೆ ಹೊಡೆಯುತ್ತಾನೆ. ಕೇಳಿದರೆ ಮಾತು ಬದಲಿಸುತ್ತಾನೆ.

ಆದರೆ ಒಂದು ಕೆಲಸ ಅವನು ಮಾಡಿದ. ಹೊಲದ ಹಿಂದುಗಡೆ ಅವನದೇ ಸುಮಾರು ಅರ್ಧ ಎಕರೆ ಪಾಳು. ಮೂರು ವರ್ಷದ ಹಿಂದೆ ಅದರ ಲಂಟಾನ ತೆಗೆಯಲು ಕೂತ. ಕತ್ತಿಯಲ್ಲಿ ಕಡಿಯಲಿಲ್ಲ. ದೆಹಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಸಿ.ಆರ್. ಬಾಬು ಅವರು ತೋರಿಸಿಕೊಟ್ಟ ಒಂದು ವಿಧಾನ ಇದೆ. ನೆಲದಿಂದ ಸ್ವಲ್ಪ ಕೆಳಗೆ ಹಾರೆ ಹಾಕಿ ತಾಯಿಬೇರನ್ನು ಕತ್ತರಿಸುವುದು, ಇಡೀ ಪೊದೆಯನ್ನು ಎತ್ತಿ ತಲೆಕೆಳಗಾಗಿ ಮಗುಚಿಡುವುದು. ಚಿಗುರುವ ಗಂಟು ನೆಲಬಿಟ್ಟು ಮೇಲೆ ಬರುವುದರಿಂದ ಒಣಗಿಹೋಗುತ್ತದೆ. ಇಬ್ಬರು ಆಳು, ಹನ್ನೊಂದು ದಿನ. ಇಷ್ಟಕ್ಕೆ ಮುಗಿಯಿತು ಅಂದುಕೊಂಡ. ಮೊದಲ ಮಳೆಗೆ ನೆಲದೊಳಗಿದ್ದ ಬೀಜವೆಲ್ಲ ಮೊಳಕೆ. ಪಿಕಳಾರಗಳು ಹೊಸ ಬೀಜ ತಂದು ಹಾಕಿದ್ದು ಬೇರೆ. ಮೂರು ಮುಂಗಾರು ಸತತ ಕಳೆ ಕೀಳುವ ಹಾಗೆ ಕಿತ್ತಿದ್ದಾನೆ. ‘ಮಕ್ಕಳ ತಲೆ ಹೇನು ತೆಗೆಯೋ ಹಂಗೆ ಕಣಕ್ಕ, ಒಂದ್ಸಲಕ್ಕೆ ಆಗೋ ಕೆಲ್ಸ ಅಲ್ಲ’ ಅಂದ.

ಈಗ ಅಲ್ಲಿ ಹುಲ್ಲಿದೆ. ಮೊಣಕಾಲುದ್ದ ಇಲ್ಲ, ಮೀನಖಂಡದವರೆಗೆ. ಸಂಕ್ರಾಂತಿಗೆ ಹೋದಾಗ ಅದರ ನಡುವೆ ಒಂದು ಕಕ್ಕೆ ಸಸಿ, ಎರಡು ನೆಲ್ಲಿ ಸಸಿ ತೋರಿಸಿದ. ಸುತ್ತ ಮುಳ್ಳು ಇಟ್ಟಿದ್ದಾನೆ. ನೆಲಕ್ಕೆ ಅಂಟಿಕೊಂಡಂತೆ ಹಾರುವ ಉಗುರಿನಷ್ಟಗಲದ ನೀಲಿ ಚಿಟ್ಟೆಗಳಿದ್ದವು. ಕಾಡುಕೋಳಿ ಈಗ ಅಲ್ಲಿ ಕೂಗುವುದಿಲ್ಲ, ಮರೆ ಹೋಯಿತಲ್ಲ, ಆಚೆ ಬೇಲಿಗೆ ಹೋಗಿದೆ. ಅದಕ್ಕೇ ಒಂದೇ ಏಟಿಗೆ ಎಲ್ಲ ಕಿತ್ತು ಬಯಲು ಮಾಡಬಾರದು, ತುಂಡು ತುಂಡಾಗಿ ತೆಗೆದು ಹುಲ್ಲು ಬಂದ ಮೇಲೆ ಮುಂದಕ್ಕೆ ಹೋಗಬೇಕು ಅನ್ನುವುದು ನನಗೂ ಸರಿ ಅನ್ನಿಸಿತು. ಹುಲ್ಲಿನ ನಡುವೆ ನಡೆಯುವಾಗ ಕಾಲಬುಡದಿಂದ ಬುರ್ರಂತ ಒಂದು ಎದ್ದಿತು. ಅರವತ್ತು ದಾಟಿದವಳು ಒಂಬತ್ತು ವರ್ಷದವಳ ಹಾಗೆ ಕೂಗಿಕೊಂಡೆ. ‘ಬುರ್ಲಿ ಕಣಕ್ಕ’ ಅಂದ ತಮ್ಮ, ಆನೆ ಬಂತೇನೋ ಅನ್ನುವಷ್ಟು ಹೆದರಿ ನಿಂತಿದ್ದ ನನ್ನನ್ನು ನೋಡಿ ನಗುತ್ತಾ.

ಅರ್ಧ ಎಕರೆಗೆ ಇಷ್ಟು ಪಾಡು. ಚೀಟಿಯವರು ಒಂದು ಕುರ್ಚಿಗೆ ಇಡೀ ಕಾಡು ಉಳಿಸಿಬಿಟ್ಟರು.

ಅಂಗಡಿಯವರಿಗೆ ನನ್ನದೊಂದು ಸಲಹೆ ಇದೆ, ಫೋನಿನಲ್ಲಿಯೂ ಹೇಳಿದೆ, ಆ ಹುಡುಗ ‘ಹ್ಞೂಂ ಮೇಡಂ’ ಅಂದ. ಚೀಟಿ ಬದಲಿಸಿ. ಯಾವ ಕಾಡಿನ ಕಡ್ಡಿ, ಯಾರು ಬೇಯಿಸಿದರು, ಅವರ ಕೈಗೆ ಎಷ್ಟು ಹೋಯಿತು ಅಂತ ಬರೆಯಿರಿ. ಬುಡ ಕೀಳುವ ಕೆಲಸಕ್ಕೆ ಕುರ್ಚಿಗೆ ಇನ್ನೂರು ಜಾಸ್ತಿ ಕೇಳಿ, ಕೀಳುವ ಕೂಲಿ ಅದೇ ಜನಕ್ಕೆ ಕೊಡಿ. ನಾನಂತೂ ಚೌಕಾಸಿ ಇಲ್ಲದೆ ಕೊಡುತ್ತೇನೆ. ಸರಿ, ಸ್ವಲ್ಪ ಚೌಕಾಸಿ ಮಾಡಬಹುದು.

ಕೊಳ್ಳುವವರಿಗೆ: ಅಂಗಡಿಯಲ್ಲಿಯೇ ನುಣುಪಾದ ನೆಲದ ಮೇಲೆ ಇಟ್ಟು ಅಲ್ಲಾಡಿಸಿ ನೋಡಿ, ಆಮೇಲೆ ದುಡ್ಡು ಕೊಡಿ. ನೋಡಿದ ಕುರ್ಚಿಗೇ ಗುರುತು ಹಾಕಿ ಬನ್ನಿ. ಕೈ ಮತ್ತು ಬೆನ್ನು ಸೇರುವ ಕಡೆ ಮೊಳೆ ತಲೆ ಮೇಲೆದ್ದಿದ್ದರೆ ಸೀರೆ ಹರಿಯುತ್ತದೆ, ನನ್ನ ಒಂದು ಕಾಟನ್ ಸೀರೆಗೆ ಆಗಿದೆ. ವಾರ್ನಿಷ್ ಹೋದ ಕಡೆ ನಾನು ಅಗಸೆ ಎಣ್ಣೆ ಸವರಿದೆ, ಬಣ್ಣ ಇನ್ನೂ ಚೆನ್ನಾಗಿ ಬಂತು. ಟೀಪಾಯಿ ಬೇಡ. ಮೇಲ್ಭಾಗ ಸಮ ಇಲ್ಲ, ಲೋಟ ಓಲಾಡುತ್ತದೆ. ಅದರ ಮೇಲೆ ಈಗ ಹೂಕುಂಡ ಇದೆ.

ಮೊಳೆ ಹೊಡೆಯುವ ಹುಡುಗ ಕೊನೆಗೂ ಹೋದ ತಿಂಗಳು ಬಂದ. ಬೇರೆ ಕೀಲುಗಳನ್ನೆಲ್ಲ ಬಿಗಿ ಮಾಡಿಸಿದೆ, ಮಣ್ಣು ಮೆತ್ತಿದ ತೂತಿನ ತಂಟೆಗೆ ಹೋಗಬೇಡ ಅಂದೆ. ಅವನು ನನ್ನನ್ನು ಒಂಥರಾ ನೋಡಿದ. ಅವನು ಹೋಗಿ ಒಂಬತ್ತನೇ ದಿನಕ್ಕೆ ಮುಚ್ಚಳದ ನಡುವೆ ಸಾಸಿವೆ ಕಾಳಿನಷ್ಟು ತೂತಾಗಿತ್ತು.

ಯುಗಾದಿಗೆ ತಮ್ಮ ಬಂದಿದ್ದ. ಕುರ್ಚಿಯನ್ನು ಸುತ್ತ ತಿರುಗಿ, ಕೆಳಗೆ ಬಗ್ಗಿ, ಕಡ್ಡಿಗೆ ಉಗುರು ಒತ್ತಿ ನೋಡಿದ. ‘ಇದ್ಕಾ ಮೂರೂಕಾಲು, ಮೂರೂವರೆ ಸಾವ್ರ ಕೊಟ್ಟೆ? ನಮ್ಮ ಬೇಲೀಲಿ ಬೇಕಾದಷ್ಟೈತಲ್ಲಕ್ಕ!’ ಅಂತ ಗಹಗಹಿಸಿದ. ಆಮೇಲೆ ಕೂತ. ಒಬ್ಬಟ್ಟು ತಿಂದ, ಕಾಫಿ ಕುಡಿದ, ಪೇಪರ್ ಓದಿದ, ಹಾಗೇ ಒಂದು ನಿದ್ದೆ ತೆಗೆದ. ಬಸ್ಸಿಗೆ ಹೊರಡುವಾಗ ಬಾಗಿಲ ಬಳಿ ನಿಂತು, ‘ಅಕ್ಕ, ನಂಗೂ ಒಂದು ಹೇಳಿಬುಡು’ ಅಂದ. ‘ನಾಕು ಕಾಲೂ ನೆಲಕ್ಕೆ ತಾಗೋದು ಕೊಡಕೆ ಹೇಳು.’